ಧೂಳಿನ ಕೆಮ್ಮು ಅಂತ ಸುಮ್ಮನಿರಬೇಡಿ

ಒಣ ಕೆಮ್ಮು. ಕಫ ಇಲ್ಲ. ಸಂಜೆಯಾದರೆ ಮೈ ಬಿಸಿ. ಮೊದಲ ವಾರ ನೀರಿನ ಕೊಡ ಹೊತ್ತು ತರುವಾಗ ಮಾತ್ರ ದಮ್ಮು ಹತ್ತುತ್ತಿತ್ತು. ಎರಡನೇ ವಾರ ಅಂಗಳ ಗುಡಿಸುವಾಗಲೂ ಹತ್ತಿತು. ಮೂರನೇ ವಾರ ಸೀರೆ ಉಟ್ಟುಕೊಳ್ಳುವಷ್ಟರಲ್ಲೇ ಏದುಸಿರು!

ಇಂಥದ್ದು ನಿಮ್ಮ ಮನೆಯಲ್ಲಿ ನಡೆದರೆ ಜನ ಏನನ್ನುತ್ತಾರೆ, ಹೇಳಿ? ಶಹಾಬಾದಿನಲ್ಲಾದರೆ 'ಫರ್ಸಿ ಕಲ್ಲಿನ ಧೂಳ್ ಅದ, ಮತ್ತೇನಿಲ್ಲ' ಎನ್ನುತ್ತಾರೆ. ವಾಡಿ, ಸೇಡಂ ಕಡೆ ಸಿಮೆಂಟಿನ ಮೇಲೆ ಹಾಕುತ್ತಾರೆ. ಚಿತ್ತಾಪುರದಲ್ಲಿ ತೊಗರಿ ರಾಶಿಯ ಹೊಟ್ಟು. ಚಿಂಚೋಳಿಯಲ್ಲಿ 'ಮುಂಬೈಕ ದುಡೀಲಿಕ್ಕ ಹೋಗಿದ್ದ, ಅಲ್ಲಿನ ಹವಾ ಬಡದದ'. ನಮ್ಮ ಈ ಭಾಗದಲ್ಲಿ ಕೆಮ್ಮಿಗೆ ಕಾರಣ ಹುಡುಕುವ ಕಷ್ಟವೇ ಇಲ್ಲ ನೋಡಿ, ಊರಿಗೊಂದು ಸಿದ್ಧವಾಗಿದೆ.

ಧೂಳು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನಕ್ಕೆ ಕೂಡುತ್ತಾ ಹೋಗುತ್ತದೆ. ಎರಡು-ಮೂರು ವಾರದಲ್ಲಿ ಮನುಷ್ಯ ಮೆಟ್ಟಿಲು ಹತ್ತಲಾರದಂತಾದರೆ ಬೇರೆ ಏನೋ ಇದೆ. ಎಚ್‌ಐವಿ ಇರುವವರಲ್ಲಿ, ಅಥವಾ ಎಚ್‌ಐವಿ ಇದೆಯೆಂದು ಇನ್ನೂ ಗೊತ್ತೇ ಆಗದವರಲ್ಲಿ, ಆ 'ಬೇರೆ ಏನೋ' ಒಂದು ಶಿಲೀಂಧ್ರದ ನ್ಯುಮೋನಿಯಾ ಆಗಿರಬಹುದು. ವೈದ್ಯರು ಅದನ್ನು ನ್ಯೂಮೊಸಿಸ್ಟಿಸ್ ನ್ಯುಮೋನಿಯಾ, ಚಿಕ್ಕದಾಗಿ ಪಿಸಿಪಿ ಎನ್ನುತ್ತಾರೆ. ತಡ ಮಾಡಿದರೆ ಜೀವ ತೆಗೆಯುತ್ತದೆ. ಬಾರದಂತೆ ತಡೆಯುವುದೋ, ದಿನಕ್ಕೊಂದು ಅಗ್ಗದ ಗುಳಿಗೆಯಿಂದ ಸಾಧ್ಯ.

ಇದು ರೊಟ್ಟಿ ಮೇಲಿನ ಬೂಷ್ಟಲ್ಲ

ಶಿಲೀಂಧ್ರ ಅಂದ ಕೂಡಲೇ ಹಳಸಿದ ರೊಟ್ಟಿ, ಮಳೆಗಾಲದ ಗೋಡೆ ನೆನಪಾಗುತ್ತದೆ ಅಲ್ಲವೇ? ಇದು ಅಲ್ಲಿಂದ ಬರುವುದಿಲ್ಲ. ಮನುಷ್ಯರ ಶ್ವಾಸಕೋಶದಲ್ಲೇ ಇರುವ, ಉಸಿರಿನ ಮೂಲಕ ಒಬ್ಬರಿಂದೊಬ್ಬರಿಗೆ ಹೋಗುವ ಜೀವಿ ಇದು. ನಮ್ಮಲ್ಲಿ ಬಹುಪಾಲು ಜನರಿಗೆ ಚಿಕ್ಕಂದಿನಲ್ಲೇ ಸೋಕಿ ಹೋಗಿರುತ್ತದೆ, ಗೊತ್ತೂ ಆಗಿರುವುದಿಲ್ಲ. ಮೈಯಲ್ಲಿ ಶಕ್ತಿ ಇರುವ ತನಕ ಅದರ ಆಟ ನಡೆಯುವುದಿಲ್ಲ. ಆದ್ದರಿಂದ ರೋಗಿಗೆ ಊಟ ಬಡಿಸಿದರೆ, ಬಟ್ಟೆ ಒಗೆದರೆ ನಮಗೂ ಬಂದೀತು ಎಂದು ಮನೆಯವರು ದೂರ ಸರಿಯುವ ಅಗತ್ಯವಿಲ್ಲ. ಪ್ರತಿರೋಧ ಶಕ್ತಿ ಕುಗ್ಗಿದ ಇನ್ನೊಬ್ಬರು ಮನೆಯಲ್ಲಿದ್ದರೆ ಮಾತ್ರ ಅದೇ ಕೋಣೆಯಲ್ಲಿ ಮಲಗಿಸಬೇಡಿ.

ಆ ಶಕ್ತಿಯನ್ನು ಅಳೆಯುವುದು ಸಿಡಿ4 ಎಂಬ ರಕ್ತಕಣಗಳ ಲೆಕ್ಕದಿಂದ. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 500ಕ್ಕಿಂತ ಮೇಲಿರುತ್ತದೆ. 200ಕ್ಕಿಂತ ಕೆಳಗಿಳಿದರೆ ಪಿಸಿಪಿಗೆ ಬಾಗಿಲು ತೆರೆದಂತೆ.

ಏಡ್ಸ್ ಎಂಬುದು ಲೋಕಕ್ಕೆ ಗೊತ್ತಾಗಿದ್ದೇ ಈ ಕಾಯಿಲೆಯಿಂದ. 1981ರ ಜೂನ್ 5ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರಿಕೆಯಲ್ಲಿ ಲಾಸ್ ಏಂಜಲೀಸ್‌ನ 5 ಮಂದಿ ಯುವಕರ ವರದಿ ಬಂತು. ಐದೂ ಜನರಿಗೆ ಇದೇ ನ್ಯುಮೋನಿಯಾ! ಗಟ್ಟಿಮುಟ್ಟಾದ ಹುಡುಗರಿಗೆ ಇದ್ಯಾಕೆ ಬಂತು ಎಂಬ ಪ್ರಶ್ನೆಯಿಂದಲೇ ಮುಂದಿನದೆಲ್ಲ ಶುರುವಾಯಿತು. ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾಯಿತು. 2017ರಿಂದ ಸಿಡಿ4 ಎಷ್ಟೇ ಇರಲಿ, ಎಚ್‌ಐವಿ ಪತ್ತೆಯಾದ ಎಲ್ಲರಿಗೂ ಔಷಧ ಕೊಡುತ್ತಾರೆ. ಹಾಗಾಗಿ ಇವತ್ತು ಪಿಸಿಪಿ ಹೆಚ್ಚಾಗಿ ಹಿಡಿಯುವುದು ಎರಡು ಬಗೆಯವರನ್ನು: ಪರೀಕ್ಷೆಯನ್ನೇ ಮಾಡಿಸದವರು, ಗುಳಿಗೆ ನಡುವೆ ಬಿಟ್ಟವರು.

ಟಿಬಿಯೋ, ಇದೋ?

ನಮ್ಮಲ್ಲಿ ಎಚ್‌ಐವಿ ಇದ್ದವರಿಗೆ ಕೆಮ್ಮು ಬಂದರೆ ಮೊದಲು ನೋಡಬೇಕಾದದ್ದು ಟಿಬಿಯನ್ನೇ. ಅದು ಹೆಚ್ಚು ಸಾಮಾನ್ಯ. ತೊಂದರೆ ಎಲ್ಲಿ ಅಂದರೆ, ಕಫದ ಪರೀಕ್ಷೆಯಲ್ಲಿ ಟಿಬಿ ಇಲ್ಲವೆಂದು ಬಂದರೆ ಮನೆಯವರು 'ಏನೂ ಇಲ್ಲಂತ ರಿಪೋರ್ಟ್ ಬಂತ್ರಿ' ಎಂದು ನಿರಾಳವಾಗಿ ಬಿಡುತ್ತಾರೆ. ಪಿಸಿಪಿಯಲ್ಲಿ ಕಫವೇ ಸರಿಯಾಗಿ ಬರುವುದಿಲ್ಲ. ವೈದ್ಯರು ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಸದ್ದು ಚೆನ್ನಾಗಿಯೇ ಕೇಳಬಹುದು. ಶುರುವಿನಲ್ಲಿ ಎಕ್ಸ್‌ರೇ ಕೂಡ ಸ್ವಚ್ಛವಾಗಿ ಕಾಣಬಹುದು. ಎಲ್ಲ ಸರಿ, ಆದರೆ ರೋಗಿ ಮಾತ್ರ ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿಯುತ್ತಾನೆ! ಈ ತಾಳೆಯಿಲ್ಲದ ಸಂಗತಿಯೇ ಅನುಮಾನಕ್ಕೆ ಕಾರಣವಾಗಬೇಕು.

2020-21ರ ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಳ್ಳಿ ಹಳ್ಳಿಗೂ ಬಂತು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಬಳಿ ಇದ್ದೀತು, ಕೇಳಿ ನೋಡಿ. ಕುಳಿತಾಗ ಅಂಕಿ ಸರಿಯಿದ್ದು, ನಾಲ್ಕು ಹೆಜ್ಜೆ ಅಡ್ಡಾಡಿದ ಮೇಲೆ ಇಳಿದರೆ ಅದು ಪಿಸಿಪಿಯ ಮುಖ್ಯ ಸುಳಿವು. ಕುಳಿತಲ್ಲೇ 94ಕ್ಕಿಂತ ಕಡಿಮೆ ತೋರಿಸಿದರೆ ಅಡ್ಡಾಡಿಸಿ ನೋಡುವ ಉಸಾಬರಿ ಬೇಡ, ನೇರ ಆಸ್ಪತ್ರೆಗೆ ನಡೆಯಿರಿ. ಊರಲ್ಲೇ ಒಂದು ಸೂಜಿ ಹಾಕಿಸಿಕೊಂಡು ಎರಡು ದಿನ ಹಗುರಾಯಿತು ಅಂತ ಕಾಯುವುದು ಬೇಡವೇ ಬೇಡ.

ಆಸ್ಪತ್ರೆಯಲ್ಲಿ ಅನುಮಾನ ಬಲವಾಗಿದ್ದರೆ ಎಲ್ಲ ರಿಪೋರ್ಟಿಗೂ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ. ಔಷಧ 21 ದಿನ. ಆಮ್ಲಜನಕ ಇಳಿದಿದ್ದರೆ ಜೊತೆಗೆ ಸ್ಟೆರಾಯ್ಡ್ ಕೂಡ ಕೊಡುತ್ತಾರೆ. ಮೊದಲ ಮೂರ್ನಾಲ್ಕು ದಿನ ಗುಣ ಕಾಣದಿರಬಹುದು, ಒಮ್ಮೊಮ್ಮೆ ಉಸಿರಾಟ ಇನ್ನಷ್ಟು ಬಿಗಿಯಬಹುದು. 'ಇಲ್ಲಿ ಆರಾಮ ಆಗವಲ್ದು' ಎಂದು ಹೆಸರು ಕಡಿಸಿಕೊಂಡು ಮನೆಗೆ ಕರೆತರುವುದು ಆಗಲೇ. ದಯವಿಟ್ಟು ಹಾಗೆ ಮಾಡಬೇಡಿ. ಎಆರ್‌ಟಿ ಇನ್ನೂ ಶುರುವಾಗಿರದಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಅದನ್ನೂ ಆರಂಭಿಸುತ್ತಾರೆ.

ಆ ಇನ್ನೊಂದು ಗುಳಿಗೆ

ಎಆರ್‌ಟಿ ಗುಳಿಗೆಯ ಜೊತೆ ಕೆಲವರಿಗೆ ಇನ್ನೊಂದು ದೊಡ್ಡ ಬಿಳಿ ಗುಳಿಗೆ ಕೊಟ್ಟಿರುತ್ತಾರೆ. ಅದು ಕೋ-ಟ್ರೈಮೊಕ್ಸಜೋಲ್. ಸೆಪ್ಟ್ರಾನ್ ಅಂದರೆ ನಿಮಗೆ ಬೇಗ ತಿಳಿದೀತು. ಪಿಸಿಪಿಯನ್ನು ತಡೆಯುವುದು ಇದೇ. ನಮ್ಮ ಹೆಣ್ಣುಮಕ್ಕಳು ಮೊದಲು ಬಿಡುವುದೂ ಇದನ್ನೇ! 'ಎಚ್‌ಐವಿದು ತಗೋತೀನಲ್ರಿ, ಇದು ಬರೇ ಕೆಮ್ಮಿಂದು' ಎಂಬ ಲೆಕ್ಕ. ಎಆರ್‌ಟಿ ಸಿಡಿ4 ಏರಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಬಾಗಿಲು ಕಾಯುವುದು ಈ ಗುಳಿಗೆ. ಸಿಡಿ4 ಏರಿ ನಿಂತ ಮೇಲೆ ವೈದ್ಯರೇ ನಿಲ್ಲಿಸಲು ಹೇಳುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಗರ್ಭಿಣಿಯಾಗಿದ್ದರೂ ಕೇಳದೆ ಬಿಡಬೇಡಿ.

ಒಂದು ಎಚ್ಚರಿಕೆ ಮಾತ್ರ ಇದೆ. ಇದು ಸಲ್ಫಾ ಜಾತಿಯ ಔಷಧ. ಮೈಮೇಲೆ ಗುಳ್ಳೆ, ಬಾಯಿ ಹುಣ್ಣು, ಕಣ್ಣು ಕೆಂಪಾದರೆ ಗುಳಿಗೆ ನಿಲ್ಲಿಸಿ ಅದೇ ದಿನ ವೈದ್ಯರಿಗೆ ತೋರಿಸಿ. ಬದಲಿ ಔಷಧವಿದೆ.

ಎಚ್‌ಐವಿ ಇರುವ ತಾಯಿಗೆ ಹುಟ್ಟಿದ ಕೂಸಿಗೂ 6 ವಾರ ತುಂಬಿದ ಮೇಲೆ ಇದೇ ಔಷಧ ಬೇಕು. ಕೂಸಿಗೆ ಸೋಂಕಿಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾಗುವವರೆಗೂ ಕೊಡುತ್ತಾರೆ. ಶಿಶುಗಳಲ್ಲಿ ಈ ನ್ಯುಮೋನಿಯಾ ಹೆಚ್ಚಾಗಿ ಬರುವುದು 3ರಿಂದ 6 ತಿಂಗಳಿನೊಳಗೆ. ಬಾಣಂತನಕ್ಕೆ ತವರಿಗೆ ಹೋಗಿ, ಅಲ್ಲಿ ಯಾರಿಗೂ ಹೇಳಲಾರದೆ ಕೂಸಿನ ಔಷಧ ತಪ್ಪಿಸುವುದು ಇದೇ ತಿಂಗಳುಗಳಲ್ಲಿ. ಹೋಗುವ ಮೊದಲೇ ಔಷಧ ತೆಗೆದಿಟ್ಟುಕೊಳ್ಳಿ.

ಹೇಳುವುದು ಯಾರಿಗೆ?

ನಿಜವಾದ ತೊಡಕು ಇಲ್ಲಿದೆ. ಅತ್ತೆಗೆ ಗೊತ್ತಿಲ್ಲ, ಓಣಿಗೆ ಗೊತ್ತಾಗಬಾರದು. ಸರಿ, ಅವರಿಗೆ ಹೇಳಬೇಡಿ. ಆದರೆ ಚಿಕಿತ್ಸೆ ಕೊಡುವ ವೈದ್ಯರಿಗೆ ಹೇಳಲೇಬೇಕು. ಎಚ್‌ಐವಿ ವಿಷಯ ಮುಚ್ಚಿಟ್ಟರೆ ಅವರು ಸಾದಾ ನ್ಯುಮೋನಿಯಾಕ್ಕೆ ಔಷಧ ಕೊಡುತ್ತಾರೆ, ಅದು ಈ ಶಿಲೀಂಧ್ರಕ್ಕೆ ನಾಟುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಆಸ್ಪತ್ರೆಯವರು ನಿಮ್ಮ ವಿಷಯ ಊರಿಗೆ ಸಾರುವಂತಿಲ್ಲ. ಎಚ್‌ಐವಿ ಇದೆಯೆಂದು ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುವಂತೆಯೂ ಇಲ್ಲ, ಆ ಮನೆಯಲ್ಲಿ ವಾಸಿಸುವ ಹಕ್ಕು ಕಾನೂನಿನಲ್ಲೇ ಇದೆ. ಇದನ್ನು ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಯಾರು ತಿಳಿಸಿ ಹೇಳಿದ್ದಾರೆ?

ಯಜಮಾನರಿಗೆ ಎಚ್‌ಐವಿ ಎಂದು ತಿಳಿದ ದಿನವೇ ನಿಮ್ಮದೂ ಪರೀಕ್ಷೆ ಆಗಲಿ. ಅವರ ಆರೈಕೆ ಮುಗಿಯಲಿ, ಆಮೇಲೆ ನನ್ನದು ಎನ್ನುತ್ತಾ ಕೂತರೆ ನಿಮ್ಮ ಸಿಡಿ4 ಕಾಯುತ್ತಾ ಕೂರುವುದಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೇಳಿ, ಪರೀಕ್ಷೆಗೆ ಹಣ ಕೊಡಬೇಕಾಗಿಲ್ಲ. ಕಲಬುರಗಿಯ ಜಿಲ್ಲಾ ಆಸ್ಪತ್ರೆಯಲ್ಲಿ ಎಆರ್‌ಟಿ ಕೇಂದ್ರವಿದೆ. ಎದುರಿಗೆ ಕೇಳಲು ಸಂಕೋಚವಾದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಪುಣೆ, ಹೈದರಾಬಾದಿಗೆ ದುಡಿಯಲು ಹೊರಟವರು ಮೊದಲೇ ಕೇಂದ್ರದಲ್ಲಿ ತಿಳಿಸಿದರೆ ಅಲ್ಲಿನ ಕೇಂದ್ರದಲ್ಲೇ ಗುಳಿಗೆ ಸಿಗುವ ವ್ಯವಸ್ಥೆ ಮಾಡಿಕೊಡುತ್ತಾರೆ.

ಇನ್ನು ದಮ್ಮು ಈಗಲೇ ಹತ್ತುತ್ತಿದ್ದರೆ, ಮಾತು ತುಂಡು ತುಂಡಾಗುತ್ತಿದ್ದರೆ, ತುಟಿ-ಉಗುರು ನೀಲಿಗಟ್ಟುತ್ತಿದ್ದರೆ 108ಕ್ಕೆ ಕರೆ ಮಾಡಿ. ಎಆರ್‌ಟಿ ಪುಸ್ತಕ, ಹಳೆಯ ಸಿಡಿ4 ರಿಪೋರ್ಟು, ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಬೆಳಗಿನ ಬಸ್ಸಿಗೆ ಕಾಯಬೇಡಿ.