ಹಾದಿಯ ಹಂಬಲ: ಕಾವ್ಯದಲ್ಲಿ, ಬದುಕಿನಲ್ಲಿ

ಮಾನವನು ಮನೆಯನ್ನು ಕಟ್ಟಿದಂದಿನಿಂದಲೇ ಅದನ್ನು ಬಿಟ್ಟು ಹೊರಡುವ ಹಂಬಲವೂ ಅವನಲ್ಲಿ ಬೆಳೆದುಬಂದಿದೆ. ನೆಲೆಯು ರಕ್ಷಣೆಯನ್ನಿತ್ತರೆ ಹಾದಿಯು ಅನುಭವವನ್ನಿತ್ತಿತು. ಹನ್ನೆರಡನೆಯ ಶತಮಾನದ ಶರಣರು ನಿಂತುದನ್ನು ಸ್ಥಾವರವೆಂದೂ ಚಲಿಸುವುದನ್ನು ಜಂಗಮವೆಂದೂ ಕರೆದು, ಜಂಗಮಕ್ಕೇ ಹಿರಿಮೆಯನ್ನು ಕೊಟ್ಟರು. ಬಸವಣ್ಣನವರ ಬಾಳು ಸಹ ಇದೇ ಜಿಲ್ಲೆಯ ಬಾಗೇವಾಡಿಯಿಂದ ಕೂಡಲಸಂಗಮಕ್ಕೆ, ಮುಂದೆ ಕಲ್ಯಾಣಕ್ಕೆ ಸಾಗಿದ ದೀರ್ಘ ಪಯಣವೇ ಆಗಿತ್ತು.

ಈ ಹಂಬಲದ ಅತ್ಯಂತ ಸಾಹಸಮಯ ರೂಪವನ್ನು ಅಕ್ಕಮಹಾದೇವಿಯಲ್ಲಿ ಕಾಣಬಹುದು. ಪರಂಪರೆಯು ಹೇಳುವಂತೆ, ಅರಮನೆಯನ್ನು ತೊರೆದು ಉಡುತಡಿಯಿಂದ ಏಕಾಕಿಯಾಗಿ ಕಲ್ಯಾಣಕ್ಕೆ ಬಂದ ಆಕೆ, ಅಲ್ಲಿ ಶರಣರ ಗೌರವವು ದೊರೆತ ಮೇಲೂ ನಿಲ್ಲದೆ ಶ್ರೀಶೈಲದ ಕದಳೀವನದತ್ತ ನಡೆದಳು. ಹಸಿವು, ನೀರಡಿಕೆ, ಲೋಕದ ನಿಂದೆ ಇವುಗಳನ್ನೆದುರಿಸಿದ ಧೈರ್ಯವು ಆಕೆಯ ವಚನಗಳಲ್ಲಿ ಸಹಜವಾಗಿ ಮೂಡಿದೆ. ಗಿರಿ, ಗಿಡಮರ, ಹಕ್ಕಿಗಳು ಅಲ್ಲಿ ಸಹಪಥಿಕರಂತೆ ಬರುತ್ತವೆ.

ಆದರೆ ಹಂಬಲಿಸಿದವರೆಲ್ಲರಿಗೂ ಹೊರಡುವ ಸ್ವಾತಂತ್ರ್ಯವಿರಲಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಹೊರತಂದ 'ಗರತಿಯ ಹಾಡು' ಅಂಥವರ ಕಾವ್ಯ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ತ್ರಿಪದಿಗಳಲ್ಲಿ ತವರಿನ ದಾರಿಯನ್ನು ನೆನೆಯುತ್ತಾಳೆ, ಕರೆಯಲು ಬರಬೇಕಾದ ಅಣ್ಣನ ಹಾದಿ ಕಾಯುತ್ತಾಳೆ. ಕಲ್ಲು ಇದ್ದಲ್ಲಿಯೇ ತಿರುಗುತ್ತದೆ, ಮನಸ್ಸು ಹರದಾರಿಗಳನ್ನು ದಾಟುತ್ತದೆ. ಅವಳ ಪಾಲಿಗೆ ಹಾಡೇ ಪ್ರಯಾಣ.

ಹೊಸಗಾಲದಲ್ಲಿ ಈ ಹಾದಿ ಕಡಲನ್ನೂ ಮುಟ್ಟಿತು. 1936ರಲ್ಲಿ ಆಕ್ಸ್‌ಫರ್ಡಿಗೆ ಹೊರಟ ವಿ. ಕೃ. ಗೋಕಾಕರು ಕಂಡ ಸಮುದ್ರವು 'ಸಮುದ್ರ ಗೀತೆಗಳು' ಸಂಕಲನವಾಗಿ ಬಂದು, ಕನ್ನಡ ಪದ್ಯದ ನಡೆಯನ್ನೇ ಸಡಿಲಗೊಳಿಸಿತು.

ಅಕ್ಕನ ನಡೆ, ಗರತಿಯ ಹಾಡು ಇವೆರಡೂ ಇಂದಿಗೂ ಕೂಡುವುದು ಶ್ರೀಶೈಲದ ಪಾದಯಾತ್ರೆಯಲ್ಲಿ. ಯುಗಾದಿಗೆ ಮುನ್ನ ವಿಜಯಪುರ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ಭಕ್ತರು ಕಂಬಿಯನ್ನು ಹೊತ್ತು, ಮಲ್ಲಯ್ಯನ ಪದಗಳನ್ನು ಹಾಡುತ್ತ ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು. ಬಿರುಬಿಸಿಲಿನಲ್ಲಿ ಕೃಷ್ಣೆ, ತುಂಗಭದ್ರೆಗಳನ್ನು ದಾಟಿ, ನಲ್ಲಮಲೆಯ ಅರಣ್ಯವನ್ನು ಹೊಕ್ಕು, ಭೀಮನಕೊಳ್ಳದ ಕಡಿದಾದ ಏರನ್ನು ಹತ್ತಿ ಕೈಲಾಸದ್ವಾರವನ್ನು ಸೇರುತ್ತಾರೆ. ಹಾದಿಯ ಊರುಗಳವರು ಅನ್ನ, ಮಜ್ಜಿಗೆಗಳನ್ನು ನೀಡುತ್ತಾರೆ, ಗುಳ್ಳೆಯೆದ್ದ ಪಾದಗಳಿಗೆ ಎಣ್ಣೆ ಸವರುತ್ತಾರೆ. ಮನೆಯ ಹೊಸ್ತಿಲು ದಾಟುವುದೇ ಅಪರೂಪವಾದ ಹೆಣ್ಣುಮಕ್ಕಳೂ ಈ ಗುಂಪಿನಲ್ಲಿರುತ್ತಾರೆ. ಬಸ್ಸು ಮುಟ್ಟಿಸುವ ಕ್ಷೇತ್ರಕ್ಕೆ ಅನೇಕ ದಿನ ನಡೆದು ಹೋಗುವವರಿಗೆ, ಮುಟ್ಟುವುದೊಂದೇ ಗುರಿಯಾಗಿರಲಾರದು. ನಡೆಯುವುದರಲ್ಲಿಯೇ ಅವರಿಗೆ ಏನೋ ದೊರೆಯುತ್ತದೆ.

ಶಾಲೆಯು ಮಕ್ಕಳಿಗೆ ಮೊಟ್ಟಮೊದಲು ಕಲಿಸುವುದು ಒಂದೆಡೆ ಕುಳಿತುಕೊಳ್ಳುವುದನ್ನು. ಅದು ಅವಶ್ಯವೇ ಸರಿ. ಆದರೆ ಕಿಟಕಿಯಾಚೆ ನೋಡುವ ಕಣ್ಣನ್ನೆಲ್ಲ ಚಂಚಲತೆಯೆಂದು ಗದರಿಸಿದರೆ, ಕಲಿಕೆಯ ಮೂಲವಾದ ಹಂಬಲವೇ ಬತ್ತೀತು. ಭೂಪಟ, ಕಾವ್ಯ, ಶೈಕ್ಷಣಿಕ ಪ್ರವಾಸ ಇವೆಲ್ಲ ಆ ಹಂಬಲಕ್ಕೆ ನೀರೆರೆಯುವ ಸಾಧನಗಳು. ಬೀಸುವ ಕಲ್ಲಿನ ಮುಂದೆ ಕುಳಿತ ಅಂದಿನ ಗರತಿಗೆ ಹಾಡಿನಲ್ಲಿ ಮಾತ್ರ ದೊರೆತ ಹಾದಿಯು, ಇಂದು ಜಲನಗರದ ಓಣಿಯಿಂದ ಪಾಟಿಚೀಲ ಹೊತ್ತು ಶಾಲೆಗೆ ಬರುವ ಬಾಲಕಿಯ ಕಾಲಿಗೂ ದೊರೆಯಬೇಕು.