ಸೂರಿರುವ ಸೇತುವೆ, ಸೂರಿಲ್ಲದ ಸಂಕ

ಶಿಕಾರಿಪುರದಿಂದ ಸೊರಬವನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಬಯಲು ಮೆಲ್ಲನೆ ಕಾಡಾಗುತ್ತದೆ. ಬೇಸಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಬಹುದಾದ ಹಳ್ಳ ಆಷಾಢದಲ್ಲಿ ಎದೆಯುದ್ದ ಹರಿಯುತ್ತದೆ. ಅದನ್ನು ದಾಟಲು ಮಲೆನಾಡಿಗರು ದಡದಿಂದ ದಡಕ್ಕೆ ಎರಡು ಮೂರು ಅಡಿಕೆ ಮರಗಳನ್ನು ಹಾಸಿ ಬಿಗಿದು, ಕೈಯಾಸರೆಗೆ ಬಿದಿರ ಗಳವೊಂದನ್ನು ಕಟ್ಟುತ್ತಾರೆ. ಇದೇ ಕಾಲುಸಂಕ.

ಯೂರೋಪ್, ಅಮೆರಿಕಗಳ ಹಳ್ಳಿಗಾಡಿನ ಹಳೆಯ ಮರದ ಸೇತುವೆಗಳಾದರೋ ಮನೆಯಂತೆ ಗೋಡೆ, ಸೂರುಗಳನ್ನು ಹೊತ್ತು ನಿಂತಿವೆ. ಅದು ದಾರಿಹೋಕರು ನೆನೆಯದಿರಲೆಂದು ಮಾಡಿದ ಏರ್ಪಾಡೆಂದು ನಾವು ಭಾವಿಸುವುದು ಸಹಜ. ನಿಜವಾಗಿ ಸೂರು ಇರುವುದು ಮರದ ರಕ್ಷಣೆಗಾಗಿ. ಮರವನ್ನು ಕೊಳೆಯಿಸುವ ಶಿಲೀಂಧ್ರಗಳಿಗೆ ನೀರೂ ಬೇಕು, ಗಾಳಿಯೂ ಬೇಕು. ಮರದ ತೇವಾಂಶ ಶೇಕಡ 20ಕ್ಕಿಂತ ಕಡಿಮೆಯಿದ್ದರೆ ಅವು ಬೆಳೆಯಲಾರವು. ಪೂರ್ತಿ ನೀರಿನಲ್ಲಿ ಮುಳುಗಿದ ಮರಕ್ಕೂ ಗಾಳಿಯ ಅಭಾವದಿಂದಾಗಿ ಅವುಗಳ ಬಾಧೆ ಅತ್ಯಲ್ಪ. ನೆನೆದು, ಅರೆ ಒಣಗಿ, ಮತ್ತೆ ನೆನೆಯುವ ಮರಕ್ಕೇ ಕೇಡು ಹೆಚ್ಚು. ಫಿಲಡೆಲ್ಫಿಯದಲ್ಲಿ 1805ರಲ್ಲಿ ಮುಗಿದ ಸೇತುವೆಯ ಶಿಲ್ಪಿ ತಿಮೊತಿ ಪಾಮರನ ಅಂದಾಜಿನಂತೆ, ಸೂರಿಲ್ಲದ ಮರದ ಸೇತುವೆಯ ಆಯುಷ್ಯ 10–12 ವರ್ಷ, ಸೂರಿದ್ದರೆ 30–40.

ಹಾಗಾದರೆ ನಮ್ಮ ಸಂಕಕ್ಕೆ ಸೂರೇಕಿಲ್ಲ? ಮಲೆನಾಡಿಗರಿಗೆ ಈ ತತ್ತ್ವ ತಿಳಿಯದೆ ಅಲ್ಲ. ಕೊಳೆರೋಗ ತಗಲದಿರಲೆಂದು ಅಡಿಕೆಯ ಕೊನೆಗೂ ಕೊಟ್ಟೆ ಕಟ್ಟಿದ ಜನ ಅವರು! ಕಾರಣ ಸೇತುವೆಯ ಉದ್ದದಲ್ಲಿದೆ. ಒಂದೇ ತೊಲೆಯ ನಡುವೆ ಭಾರವಿಟ್ಟಾಗ ಅದು ಬಾಗುವ ಪ್ರಮಾಣ ಉದ್ದದ ಘನಕ್ಕನುಗುಣವಾಗಿ ಏರುತ್ತದೆ; ಉದ್ದ ಇಮ್ಮಡಿಯಾದರೆ ಬಾಗು ಎಂಟುಮಡಿ. ಆದುದರಿಂದ ಅಗಲವಾದ ನದಿಗೆ ತೊಲೆ ಸಾಲದು. ಮರದ ತುಂಡುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು ಬೇಕು. ಬದಿಗಳ ಉದ್ದ ಬದಲಾಗದೆ ತ್ರಿಕೋನ ತನ್ನ ಆಕಾರ ಕಳೆದುಕೊಳ್ಳದು. ಆದರೆ ಅಂತಹ ಚೌಕಟ್ಟಿನಲ್ಲಿ ನೂರಾರು ಕೀಲುಗಳು, ಕೀಲಿಗೊಂದು ಸಂದು, ಸಂದಿಗೆ ನೀರು. ಅಷ್ಟು ದುಬಾರಿಯ ಕೆಲಸಕ್ಕೆ ಸೂರಿನ ವೆಚ್ಚ ಸಾರ್ಥಕ. ಪ್ರವಾಹವೇ ಒಯ್ಯಬಹುದಾದ ನಾಲ್ಕಾರು ಮಾರಿನ ಸಂಕಕ್ಕೆ ಅದು ವ್ಯರ್ಥ. ಮಳೆಗಾಲಕ್ಕೆ ಮುನ್ನ ಹೊಸ ಮರ ಹಾಸುವುದೇ ಸುಲಭ.

ಜೀರ್ಣೋದ್ಧಾರದ ಮಾತಿಗೆ ಬಂದರೆ ಎರಡಕ್ಕೂ ಅಷ್ಟೇನೂ ಅಂತರವಿಲ್ಲ. ಸ್ವಿಟ್ಸರ್ಲೆಂಡಿನ ಲುಸರ್ನ್ ನಗರದಲ್ಲಿರುವ 14ನೆಯ ಶತಮಾನದ ಸೂರುಸೇತುವೆಯ ಬಹುಭಾಗ 1993ರ ಆಗಸ್ಟಿನಲ್ಲಿ ಸುಟ್ಟುಹೋಯಿತು. ಮರುವರ್ಷವೇ ಅದನ್ನು ಹಳೆಯ ರೂಪದಲ್ಲಿ ಕಟ್ಟಿ ತೆರೆದರು. ಮರ ಹೊಸದು, ಸೇತುವೆ ಹಳೆಯದು. ನಮ್ಮ ಸಂಕಗಳದೂ ಇದೇ ಕತೆ, ಕೊಂಡಾಡುವವರಿಲ್ಲ, ಅಷ್ಟೆ.

ಆದರೆ ಸಂಕವನ್ನು ಸುಮ್ಮನೆ ಕೊಂಡಾಡುವಂತೆಯೂ ಇಲ್ಲ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ನೀರುಪಾಲಾದಳು. ಸುಳ್ಯದ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಕಟ್ಟಿದಂತಹ ಉಕ್ಕಿನ ತೂಗುಸೇತುವೆ ಪ್ರತಿಯೊಂದು ಹಳ್ಳಕ್ಕೂ ಬರುವವರೆಗೆ ಮಕ್ಕಳು ಸಂಕದ ಮೇಲೆಯೇ ನಡೆಯಬೇಕು.

ಆದುದರಿಂದ ಒಂದು ಪರೀಕ್ಷೆಯನ್ನು ತಿಳಿದಿರೋಣ. ಅಡಿಕೆ ಮರದ ಬಲವೆಲ್ಲ ಹೊರಗಿನ ಗಟ್ಟಿ ಕವಚದಲ್ಲಿದೆ. ಒಳಗಿನ ತಿರುಳು ನೀರು ಹೀರುತ್ತದೆ. ನಡುಭಾಗ ನೋಡಲು ಗಟ್ಟಿಯಿದ್ದರೂ ದಡದ ಮಣ್ಣಿಗೆ ತಾಗಿದ ತುದಿ ಮೊದಲು ಕೊಳೆಯುತ್ತದೆ. ಹಳ್ಳ ಇಳಿದಿರುವಾಗ ಹಿರಿಯರೊಡನೆ ಹೋಗಿ ಆ ತುದಿಯನ್ನು ಚೂರಿಯ ಮೊನೆಯಿಂದ ಒತ್ತಿ ನೋಡಬೇಕು. ಮೊನೆ ಸಲೀಸಾಗಿ ಒಳಗಿಳಿದರೆ ಆ ಮರವನ್ನು ಅಂದೇ ಬದಲಿಸತಕ್ಕದ್ದು.