ಹಿಂಡಿಯ ಮೂಟೆ ಬಿಚ್ಚುವ ಮೊದಲು

ಕಾಟ್ಲಾ, ರೋಹು, ಮೃಗಾಲ್ ಗೆಂಡೆಗಳನ್ನು ಸಾಕುವ ನಮ್ಮ ರೈತರಿಗೆ ಮೀನಿನ ಮೇವೆಂದರೆ ಬಹುಕಾಲ ಎರಡೇ ಇದ್ದವು: ಕಡಲೆಕಾಯಿ ಹಿಂಡಿ, ಅಕ್ಕಿ ತೌಡು. ಸಮಪಾಲು ಕಲಸಿ ಉಂಡೆ ಕಟ್ಟಿ ತಟ್ಟೆಯಲ್ಲಿ ನೀರಿಗಿಳಿಸುವುದು, ಇಲ್ಲವೆ ತೂತು ಮಾಡಿದ ಚೀಲಕ್ಕೆ ತುಂಬಿ ಗೂಟಕ್ಕೆ ಕಟ್ಟುವುದು. ಈಗ ಸೋಯಾ ಬೆರೆತ ತೇಲುವ ಗುಳಿಗೆಗಳೂ ಬಂದಿವೆ. ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಈ ಮೇವನ್ನು ಕೆಲವರು ಕಣ್ಣುಮುಚ್ಚಿ ನಂಬುತ್ತಾರೆ, ಕೆಲವರು ಅದೇ ಕಾರಣಕ್ಕೆ ದೂರುತ್ತಾರೆ.

ತಪ್ಪು ಕಲ್ಪನೆ: ಗಿಡದ ಪದಾರ್ಥ ಮೀನಿಗೆ ಕೇಡು ಮಾಡದು.

ವಾಸ್ತವ: ಹಿಪ್ಪೆ ಹಿಂಡಿಯನ್ನು ನೆನಪಿಸಿಕೊಳ್ಳಿ. ಮರಿ ಬಿಡುವ ಮೊದಲು ಹೊಂಡದಲ್ಲಿರುವ ಕಳೆಮೀನು, ಕೊಲ್ಲುಮೀನುಗಳನ್ನು ತೆಗೆಯಲು ಒಂದು ಮೀಟರ್ ನೀರಿರುವ ಹೆಕ್ಟೇರಿಗೆ ಸುಮಾರು 2,500 ಕಿಲೋ ಹಿಪ್ಪೆ ಹಿಂಡಿ ಹಾಕುತ್ತಾರೆ. ಅದರ ಸಪೋನಿನ್ ಮೀನಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕೆಲವೇ ತಾಸಿನಲ್ಲಿ ಮೀನು ತೇಲುತ್ತದೆ. ಎರಡು ಮೂರು ವಾರದಲ್ಲಿ ವಿಷ ಇಳಿದು ಅದೇ ಹಿಂಡಿ ಹೊಂಡಕ್ಕೆ ಗೊಬ್ಬರವಾಗುತ್ತದೆ. ಗಿಡ ತನ್ನ ಬೀಜವನ್ನು ಕಾಪಾಡಿಕೊಳ್ಳಲು ಇಂಥ ವಸ್ತುಗಳನ್ನು ಇಟ್ಟುಕೊಂಡಿರುತ್ತದೆ. ಸೋಯಾದಲ್ಲೂ ಸಪೋನಿನ್ ಇದೆ, ಹತ್ತಿಬೀಜದಲ್ಲಿ ಗಾಸಿಪಾಲ್ ಇದೆ, ಸಾಸಿವೆ ಹಿಂಡಿಯಲ್ಲಿ ಥೈರಾಯ್ಡ್ ಗ್ರಂಥಿಗೆ ತೊಂದರೆ ಕೊಡುವ ಅಂಶವಿದೆ.

ತಪ್ಪು ಕಲ್ಪನೆ: ಬೇಯಿಸಿಬಿಟ್ಟರೆ ಎಲ್ಲ ದೋಷವೂ ಕಳೆಯುತ್ತದೆ.

ವಾಸ್ತವ: ಈ ನಂಬಿಕೆಯಿಂದ ಆಗುವಷ್ಟು ಹಾನಿ ಬೇರೆಯದರಿಂದ ಆಗುವುದಿಲ್ಲ ಎಂದು ನನಗನ್ನಿಸುತ್ತದೆ, ಏಕೆಂದರೆ ಇದು ಅರ್ಧ ನಿಜ. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವನ್ನು ಹದವಾದ ಕಾವು ಮುರಿಯುತ್ತದೆ. ಸಪೋನಿನ್ ಮಾತ್ರ ಕಾವಿಗೆ ಜಗ್ಗುವುದಿಲ್ಲ. ಕಾವು ಮಿತಿ ಮೀರಿದರೆ ಲೈಸಿನ್ ಎಂಬ ಅಮೂಲ್ಯ ಅಮೈನೋ ಆಮ್ಲವೇ ಕೆಡುತ್ತದೆ.

ಇನ್ನೊಂದು ಶತ್ರು ಬೂಷ್ಟು. ಮಳೆಗಾಲದಲ್ಲಿ ಬರಿ ನೆಲದ ಮೇಲೆ ಒಟ್ಟಿದ ಕಡಲೆ ಹಿಂಡಿಯ ಮೂಟೆ ತಳದಿಂದ ತೇವ ಹೀರಿ ಮುಗ್ಗುತ್ತದೆ. ಆ ಶಿಲೀಂಧ್ರ ಬಿಡುವ ಅಫ್ಲಾಟಾಕ್ಸಿನ್ ಸಾಮಾನ್ಯ ಬೇಯಿಸುವಿಕೆಗೆ ನಾಶವಾಗದು. 1960ರಲ್ಲಿ ಅಮೆರಿಕದ ಮೀನುಮರಿ ಕೇಂದ್ರಗಳಲ್ಲಿ ರೇನ್‌ಬೋ ಟ್ರೌಟ್ ಮೀನುಗಳಿಗೆ ಯಕೃತ್ತಿನ ಕ್ಯಾನ್ಸರ್ ಹಬ್ಬಿತು. ಹುಡುಕುತ್ತ ಹೋದಾಗ ಸಿಕ್ಕಿದ್ದು ಮೇವಿನಲ್ಲಿದ್ದ ಹತ್ತಿಬೀಜದ ಹಿಂಡಿ, ಅದರೊಳಗೆ ಇದೇ ವಿಷ. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಯಿಂದ. ನಮ್ಮ ಗೆಂಡೆಗಳು ಟ್ರೌಟಿನಷ್ಟು ಸೂಕ್ಷ್ಮವಲ್ಲ, ಆದರೂ ದಿನದಿನವೂ ಮುಗ್ಗಿದ ಹಿಂಡಿ ತಿಂದ ಮೀನಿನ ಯಕೃತ್ತು ಸುಖವಾಗಿರಲಾರದು. ಮೂಟೆಗಳನ್ನು ಹಲಗೆಯ ಮೇಲಿಡಿ, ಗೋಡೆಗೆ ತಾಗಿಸಬೇಡಿ. ಹಳೆಯ ತೌಡಿಗೆ ಬರುವ ಕಮಟು ವಾಸನೆಯೂ ಅದರ ಎಣ್ಣೆ ಕೆಟ್ಟದ್ದರ ಗುರುತು. ದನಕ್ಕೆ ಹಾಕಲು ಹಿಂಜರಿಯುವುದನ್ನು ಮೀನಿಗೆ ಹಾಕಬೇಡಿ.

ತಪ್ಪು ಕಲ್ಪನೆ: ಸೋಯಾ ಎಲ್ಲ ಮೀನುಗಳ ಕರುಳನ್ನೂ ಕೆಡಿಸುತ್ತದೆ.

ವಾಸ್ತವ: ಈ ಮಾತಿನ ಬೇರು ನಾರ್ವೆಯಲ್ಲಿದೆ. ಸೋಯಾ ಹಿಂಡಿ ತಿಂದ ಸಾಲ್ಮನ್ ಮೀನಿನ ಕರುಳಿನ ಕೊನೆಯ ಭಾಗದಲ್ಲಿ ಮಡಿಕೆಗಳು ಕುಗ್ಗಿ ಉರಿಯೂತ ಕಾಣಿಸುವುದನ್ನು 1990ರ ದಶಕದಲ್ಲಿ ಅಲ್ಲಿನ ಸಂಶೋಧಕರು ವಿವರವಾಗಿ ದಾಖಲಿಸಿದರು. ಆದರೆ ಸಾಲ್ಮನ್ ಮಾಂಸಾಹಾರಿ. ಇದೇ ಪರೀಕ್ಷೆಯನ್ನು ಸಾಮಾನ್ಯ ಗೆಂಡೆಯ ಮೇಲೆ ಮಾಡಿದಾಗ ಮೊದಲ ವಾರಗಳಲ್ಲಿ ಉರಿಯೂತ ಕಂಡಿತು. ನಾಲ್ಕೈದು ವಾರದ ಹೊತ್ತಿಗೆ ಕರುಳು ಚೇತರಿಸಿಕೊಳ್ಳತೊಡಗಿತು, ಸೋಯಾ ತಿನ್ನುತ್ತಿರುವಾಗಲೇ! ನಾರ್ವೆಯವರೂ ಸೋಯಾ ಬಿಡಲಿಲ್ಲ. ಆಲ್ಕೋಹಾಲಿನಿಂದ ತೊಳೆದು ಸಪೋನಿನ್ ತೆಗೆದ ಸೋಯಾ ಪ್ರೋಟೀನನ್ನು ಬಳಸಿದರು. 1990ರಲ್ಲಿ ಅವರ ಸಾಲ್ಮನ್ ಮೇವಿನ ಶೇಕಡಾ 90ರಷ್ಟು ಕಡಲಿನಿಂದ ಬರುತ್ತಿತ್ತು, 2013ಕ್ಕೆ ಅದು ಶೇಕಡಾ 30ಕ್ಕೆ ಇಳಿಯಿತು.

ತಪ್ಪು ಕಲ್ಪನೆ: ಮೀನಿನ ಹುಡಿ ಇಲ್ಲದೆ ಮೀನು ಗಟ್ಟಿಯಾಗದು.

ವಾಸ್ತವ: ಕರಾವಳಿಯ ಬೂತಾಯಿಯನ್ನು ಒಣಗಿಸಿ ಹುಡಿ ಮಾಡಿ ಒಳನಾಡಿನ ಹೊಂಡಕ್ಕೆ ಸುರಿಯಲೇಬೇಕೆಂದಿಲ್ಲ. ಹಿಂಡಿ, ತೌಡಿನಲ್ಲೇ ಕಾಟ್ಲಾ, ರೋಹು ಬೆಳೆದಿವೆ. ಆದರೆ ಕೊರತೆ ತುಂಬುತ್ತಿದ್ದದ್ದು ನೀರಿನಲ್ಲಿದ್ದ ಪ್ಲವಕ ಜೀವಿಗಳು. ಮರಿಗಳನ್ನು ಒತ್ತೊತ್ತಾಗಿ ಬಿಟ್ಟಾಗ ಆ ಸಹಜ ಆಹಾರ ಸಾಲದು. ಕಡಲೆ ಹಿಂಡಿಯಲ್ಲಿ ಕಡಿಮೆಯಿರುವ ಲೈಸಿನ್, ಮೆಥಿಯೋನಿನ್ ಕೊರತೆ ಆಗ ಕಾಣಿಸಿಕೊಳ್ಳುತ್ತದೆ. ಆಗ ಇನ್ನಷ್ಟು ಹಿಂಡಿ ಸುರಿದು ಫಲವಿಲ್ಲ, ಬೇರೆ ಮೂಲದ ಪ್ರೋಟೀನ್ ಬೆರೆಸಬೇಕು.

ತಪ್ಪು ಕಲ್ಪನೆ: ಉಳಿದ ಮೇವು ಗೊಬ್ಬರವಾಗುತ್ತದೆ, ಹೆಚ್ಚಾದರೆ ಚಿಂತೆಯಿಲ್ಲ.

ವಾಸ್ತವ: ಕಾಳುಗಳಲ್ಲಿರುವ ರಂಜಕದ ಸುಮಾರು ಮೂರನೆಯ ಎರಡು ಪಾಲು ಫೈಟೇಟ್ ರೂಪದಲ್ಲಿ ಬಿಗಿದುಕೊಂಡಿರುತ್ತದೆ. ಅದನ್ನು ಬಿಡಿಸುವ ಕಿಣ್ವ ಮೀನಿಗಿಲ್ಲ. ಗೆಂಡೆಗಳಿಗಂತೂ ಆಮ್ಲ ಸುರಿಸುವ ಜಠರವೇ ಇಲ್ಲ. ಮೂಳೆಗೆ ಸೇರಬೇಕಾದ ರಂಜಕ ಹಿಕ್ಕೆಯಾಗಿ ನೀರಿಗೆ ಸೇರುತ್ತದೆ. ಉಳಿದು ಕೊಳೆತ ಮೇವೂ ಕೂಡಿಕೊಂಡಾಗ ನೀರು ಗಾಢ ಹಸಿರಾಗಿ, ರಾತ್ರಿಯೆಲ್ಲ ಪಾಚಿ ಆಮ್ಲಜನಕ ಹೀರಿ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಆದ್ದರಿಂದ ಎರಡು ತಾಸು ಬಿಟ್ಟು ತಟ್ಟೆ ಎತ್ತಿ ನೋಡಿ. ಮೇವು ಉಳಿದಿದ್ದರೆ ಮರುದಿನದ ಪಾಲು ತಗ್ಗಿಸಿ. ಮೋಡ ಕವಿದ ದಿನ ಚೀಲವನ್ನು ಗೂಟದಿಂದ ಬಿಚ್ಚಿಬಿಡಿ.